ಹೂವುಂಟು, ಕಾಯಿಲ್ಲ: ಹಣ್ಣಿನ ತೋಟಕ್ಕೆ ಎರಡನೆಯ ತಳಿ ಏಕೆ ಬೇಕು?



"ಗಿಡದ ತುಂಬ ಹೂವ ಐತ್ರೀ ಸಾಹೇಬ್ರೇ, ಕಾಯಿ ಮಾತ್ರ ನಿಲ್ಲವಲ್ದು. ನೀರು ಕೊಟ್ಟೀವಿ, ಗೊಬ್ಬರ ಹಾಕೀವಿ, ಔಷಧಿ ಹೊಡ್ದೀವಿ. ಇನ್ನೇನು ಮಾಡಬೇಕು ಹೇಳ್ರಿ?"

ಸಂಕ್ರಾಂತಿ ಕಳೆದು ಮಾವು ಹೂವಾಗುವ ಕಾಲಕ್ಕೆ ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಈ ಬಗೆಯ ಮಾತು ಕೇಳಿಬರುವುದುಂಟು. ಒಂದು ವರ್ಷ ಹೀಗಾದರೆ ರೈತನು ಸಹಿಸಿಕೊಳ್ಳುತ್ತಾನೆ. ಎರಡು ಮೂರು ವರ್ಷ ಇದೇ ಕಥೆಯಾದರೆ ಬೇಸತ್ತು, ಜೆಸಿಬಿ ತರಿಸಿ ಮರಗಳನ್ನು ಕೀಳಿಸಿ, ನೀರಿಗೆ ಅನುಕೂಲವಿದ್ದಲ್ಲಿ ಅಡಿಕೆ ಹಾಕಲು ಹೊರಡುತ್ತಾನೆ. ಏಳೆಂಟು ವರ್ಷ ಮಕ್ಕಳಂತೆ ಸಾಕಿದ ಮರ ಅರ್ಧ ದಿನದಲ್ಲಿ ಸೌದೆಯಾಗುತ್ತದೆ.

ಆ ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ತೋಟದಲ್ಲಿ ಎಷ್ಟು ತಳಿಗಳಿವೆ? "ಎಲ್ಲಾ ಒಂದೇ, ಅಪ್ಪಟ ಬಾದಾಮಿ, ಒಂದೂ ಬೆರಕೆ ಇಲ್ಲ" ಎಂದು ಹೆಮ್ಮೆಯಿಂದ ಹೇಳುವಿರಾದರೆ, ತೊಂದರೆಯ ಮೂಲ ಆ ಹೆಮ್ಮೆಯಲ್ಲೇ ಇರಬಹುದು.

ಹೂವಿನೊಳಗೆ ನಡೆಯುವ ಕೆಲಸ

ಮಾವಿನ ಒಂದು ಹೂಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿರಿ. ಅದರಲ್ಲಿ ಸಾವಿರದಿಂದ ಆರು ಸಾವಿರದವರೆಗೆ ಹೂಗಳಿರುತ್ತವೆ. ಎಲ್ಲವೂ ಕಾಯಿ ಕಚ್ಚುವ ಹೂಗಳಲ್ಲ. ಕೆಲವು ಬರಿಯ ಗಂಡು ಹೂಗಳು. ಕೆಲವು ಮಾತ್ರ ಗಂಡು ಹೆಣ್ಣು ಎರಡೂ ಭಾಗ ಕೂಡಿರುವ ಪೂರ್ಣ ಹೂಗಳು. ಪೂರ್ಣ ಹೂವಿನ ನಡುವೆ ಗುಂಡುಸೂಜಿಯ ತಲೆಯಷ್ಟು ಚಿಕ್ಕದಾದ, ಹಸಿರು ಹಳದಿ ಬಣ್ಣದ ಒಂದು ಗುಂಡು ಕಾಣುತ್ತದೆ. ಅದೇ ಮುಂದೆ ಕಾಯಿಯಾಗುವ ಭಾಗ. ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಒಂದೇ ಒಂದು ಪುಷ್ಟವಾದ ಕೇಸರವಿದ್ದು, ಅದರ ತುದಿ ಗುಲಾಬಿ ಬಣ್ಣದ್ದಾಗಿರುತ್ತದೆ. ಪರಾಗದ ಹುಡಿ ಇರುವುದು ಅಲ್ಲಿ. ಪೂರ್ಣ ಹೂಗಳ ಪ್ರಮಾಣ ತಳಿಯಿಂದ ತಳಿಗೆ ಬಹಳ ವ್ಯತ್ಯಾಸವಾಗುತ್ತದೆ. ರುಮಾನಿ ತಳಿಯಲ್ಲಿ ನೂರಕ್ಕೆ ಒಂದೂ ಸಿಗದಷ್ಟು ಕಡಿಮೆ. ಉತ್ತರದ ಲಂಗ್ಡಾ ತಳಿಯಲ್ಲಿ ನೂರಕ್ಕೆ ಸುಮಾರು 70.

ಇಷ್ಟು ಹೂಗಳಲ್ಲಿ ಕೊನೆಗೆ ಹಣ್ಣಾಗುವುದು ಗೊಂಚಲಿಗೆ ಒಂದೋ ಎರಡೋ. ಅನೇಕ ಗೊಂಚಲುಗಳಲ್ಲಿ ಅದೂ ಇಲ್ಲ. ಆದುದರಿಂದ ಹೂ ಉದುರಿತೆಂದು ಮಾತ್ರಕ್ಕೆ ಯಾರೂ ಗಾಬರಿಪಡಬೇಕಾಗಿಲ್ಲ. ಮರವೆಲ್ಲ ಸುತ್ತಿದರೂ ಕಾಯಿ ಕಾಣದಾದಾಗ ಮಾತ್ರ ಯೋಚಿಸಬೇಕು.

ಮಾವಿನ ಪರಾಗ ಸ್ವಲ್ಪ ಅಂಟಾದದ್ದು. ಗಾಳಿಯಲ್ಲಿ ಅದು ಹೆಚ್ಚು ದೂರ ಹೋಗದು. ಅದನ್ನು ಹೂವಿನಿಂದ ಹೂವಿಗೆ ಒಯ್ಯುವ ಕೆಲಸವನ್ನು ಹೆಚ್ಚಾಗಿ ಮಾಡುವವು ನೊಣಗಳು. ನಾವು ಹೀನವಾಗಿ ಕಾಣುವ ನೊಣವೇ ಮಾವಿನ ಪಾಲಿಗೆ ಉಪಕಾರಿ! ಜೇನುಹುಳು ಮಾವಿನ ಹೂವಿಗೆ ಬರುವುದುಂಟು, ಆದರೆ ಇಲ್ಲಿ ದೊಡ್ಡ ಪಾಲು ನೊಣಗಳದೇ.

ಪರಾಗ ಹೆಣ್ಣು ಭಾಗದ ತುದಿಗೆ ಅಂಟಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಹದವಾದ ನೆಲಕ್ಕೆ ಬಿದ್ದ ಬೀಜದಂತೆ ಅದು ಮೊಳೆತು, ಕೂದಲಿಗಿಂತ ತೆಳುವಾದ ಒಂದು ಕೊಳವೆಯನ್ನು ಒಳಕ್ಕೆ ಇಳಿಸಬೇಕು. ಆ ಕೊಳವೆ ಮೊಟ್ಟೆಯನ್ನು ಮುಟ್ಟಿದ ಮೇಲೆ ಬೀಜ ಕಟ್ಟುತ್ತದೆ. ಬೀಜ ಕಟ್ಟಿದರೆ ಕಾಯಿ ನಿಲ್ಲುತ್ತದೆ. ಎಷ್ಟೋ ಹಣ್ಣಿನ ಗಿಡಗಳು ಈ ನಡುವಿನ ಹಾದಿಯಲ್ಲಿ ತಮ್ಮದೇ ಪರಾಗವನ್ನು ಗುರುತಿಸಿ ತಡೆದುಬಿಡುತ್ತವೆ. ಮಾವಿನಲ್ಲಿ ಈ ತಡೆ ಬೀಳುವುದು ಬಹಳ ತಡವಾಗಿ. ಸ್ವಂತ ಪರಾಗದ ಕೊಳವೆ ಒಳಗಿಳಿಯುತ್ತದೆ. ಹೀಚೂ ಕಾಣಿಸಿಕೊಳ್ಳುತ್ತದೆ. ಎರಡು ವಾರದ ಹೊತ್ತಿಗೆ ಒಳಗಿನ ಬೀಜದ ಬೆಳವಣಿಗೆ ನಿಂತು ಹೀಚು ಉದುರಿಹೋಗುತ್ತದೆ. ರೈತನಾದರೋ ನೀರು ಸಾಲದೆ ಬಿತ್ತೆಂದೋ, ರೋಗ ತಗುಲಿತೆಂದೋ ಭಾವಿಸಿ ಇನ್ನೊಂದು ಸಲ ಔಷಧಿ ತರಲು ಪೇಟೆಗೆ ಹೋಗುತ್ತಾನೆ.

1960ರ ದಶಕದಲ್ಲಿ ನಮ್ಮ ದೇಶದ ವಿಜ್ಞಾನಿಗಳು ದಶಹರಿ, ಲಂಗ್ಡಾ, ಚೌಸಾ, ಬಾಂಬೆ ಗ್ರೀನ್ ತಳಿಗಳ ಹೂಗೊಂಚಲುಗಳಿಗೆ ಚೀಲ ಕಟ್ಟಿ, ಕೈಯಿಂದ ಪರಾಗ ಮುಟ್ಟಿಸಿ ಇದನ್ನು ಪರೀಕ್ಷಿಸಿದರು. ತಮ್ಮದೇ ಪರಾಗದಿಂದ ಈ ತಳಿಗಳು ಕಾಯಿ ಹಿಡಿಯುವುದಿಲ್ಲವೆಂದು ಕಂಡುಬಂದಿತು. ದಶಹರಿ ಹೂವಿಗೆ ಬಾಂಬೆ ಗ್ರೀನ್ ಪರಾಗ ಮುಟ್ಟಿಸಿದಾಗ ಕಾಯಿ ಚೆನ್ನಾಗಿ ನಿಂತಿತು. ನಮ್ಮ ಬಾದಾಮಿ, ಎಂದರೆ ಪಶ್ಚಿಮ ಕರಾವಳಿಯವರು ಆಪೂಸ್ ಎಂದು ಕರೆಯುವ ತಳಿಯೂ ಬೇರೆ ತಳಿಯ ಪರಾಗ ಸಿಕ್ಕಾಗ ಹೆಚ್ಚು ಕಾಯಿ ನಿಲ್ಲಿಸುತ್ತದೆ.

ನೂರು ಕಸಿ ಗಿಡ, ಒಂದೇ ಮರ

"ನಮ್ಮ ತೋಟದಾಗ 40 ಬಾದಾಮಿ ಅದಾವ. ಒಂದಕ್ಕೊಂದು ಪರಾಗ ಕೊಡಬಹುದಲ್ರೀ?" ಎಂದು ನೀವು ಕೇಳಬಹುದು. ಈ ವಿಷಯದಲ್ಲಿ ಅತಿ ಮುಖ್ಯವಾದ ಸಂಗತಿ ಇದಕ್ಕೆ ಸಿಗುವ ಉತ್ತರದಲ್ಲಿದೆ. ಕಸಿ ಗಿಡವೆಂದರೆ ತಾಯಿಮರದ ಒಂದು ಕಡ್ಡಿಯನ್ನು ಬೇರೆ ಬೇರಿನ ಮೇಲೆ ಕೂಡಿಸಿದ್ದು. ನಿಮ್ಮ 40 ಗಿಡಗಳೂ, ಪಕ್ಕದ ಊರಿನ 400 ಗಿಡಗಳೂ ಒಂದೇ ಬಾದಾಮಿ ಮರದ ಕೊಂಬೆಗಳು. ನೆಲದ ಮೇಲೆ ಬೇರೆ ಬೇರೆ ನಿಂತಿವೆ, ಅಷ್ಟೆ. ಒಂದು ಬಾದಾಮಿಯ ಪರಾಗ ಮತ್ತೊಂದು ಬಾದಾಮಿಗೆ ಹೋದರೂ ಅದು ಪರರ ಪರಾಗವಲ್ಲ, ತನ್ನದೇ ಪರಾಗ.

ಇದು ನಮ್ಮ ಹಳ್ಳಿಗಳ ಜನಕ್ಕೆ ತಿಳಿಯದ ನ್ಯಾಯವೇನಲ್ಲ. ಒಂದೇ ಬೆಡಗಿನವರು ತಮ್ಮೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಎಷ್ಟೇ ಮನೆಗಳಿದ್ದರೂ, ಎಷ್ಟೇ ದೂರದ ಊರಿನಲ್ಲಿದ್ದರೂ ಬೆಡಗು ಒಂದೇ ಆದರೆ ಅವರು ಅಣ್ಣತಮ್ಮಂದಿರು. ಬಾದಾಮಿಗೆ ಬಾದಾಮಿ ಹೀಗೆಯೇ ಒಂದೇ ಬೆಡಗು. ರಸಪುರಿಯೋ ತೋತಾಪುರಿಯೋ ಆದರೆ ಬೇರೆ ಬೆಡಗು.

ನಮ್ಮ ಅಜ್ಜಂದಿರ ಕಾಲದ ಮಾವಿನ ತೋಪುಗಳಲ್ಲಿ ಈ ತೊಂದರೆ ಏಕಿರಲಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಅವರು ವಾಟೆ ಊರಿ ಮರ ಬೆಳೆಸಿದರು. ಒಂದು ಹುಳಿ, ಒಂದು ಸಿಹಿ, ಒಂದು ನಾರು, ಒಂದು ಉಪ್ಪಿನಕಾಯಿಗೆ. ಒಂದರಂತೆ ಇನ್ನೊಂದಿಲ್ಲ. ಪೇಟೆಗೆ ಒಯ್ಯಲು ಅದು ಅನನುಕೂಲವೇ ಸರಿ. ಆದರೆ ನೊಣ ಯಾವ ಮರದಿಂದ ಹಾರಿ ಯಾವ ಮರದ ಮೇಲೆ ಕೂತರೂ ಹೊಸ ಪರಾಗವೇ ಸಿಗುತ್ತಿತ್ತು. ಮುಂದೆ ಕಸಿ ಗಿಡಗಳು ಬಂದವು. 1963ರಲ್ಲಿ ನಮ್ಮ ರಾಜ್ಯದಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾದ ಮೇಲೆ ಅದರ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಮರಿಗೌಡರು ಜಿಲ್ಲೆ ಜಿಲ್ಲೆಗಳಲ್ಲಿ ತೋಟಗಾರಿಕೆ ಕ್ಷೇತ್ರಗಳನ್ನೂ ಸಸಿಮಡಿಗಳನ್ನೂ ತೆರೆದು ಒಳ್ಳೆಯ ಸಸಿಗಳು ಸಾಮಾನ್ಯ ರೈತನ ಕೈಗೆ ಸಿಗುವಂತೆ ಮಾಡಿದರು. ಇದು ದೊಡ್ಡ ಉಪಕಾರ. ಆದರೆ ಒಳ್ಳೆಯ ತಳಿಯೆಂದು ಹತ್ತಾರು ಎಕರೆಗೆ ಒಂದನ್ನೇ ನೆಡುವ ರೂಢಿಯೂ ಕಸಿಯ ಜೊತೆಯಲ್ಲೇ ಬೆಳೆಯಿತು. ಹೊಲದ ಬದುವಿನಲ್ಲಿ ಉಳಿದಿದ್ದ ನಾಟಿ ಮಾವುಗಳು ಕೊಡಲಿಗೆ ಸಿಕ್ಕವು. ತೋಟಕ್ಕೆ ಪರಾಗ ಒದಗಿಸುತ್ತಿದ್ದುದು ಆ ಬದುವಿನ ಹುಳಿ ಮಾವೇ ಎಂದು ಯಾರಿಗೂ ಹೊಳೆಯಲಿಲ್ಲ.

ಈ ತಪ್ಪು ನಮ್ಮವರೊಬ್ಬರದೇ ಅಲ್ಲ. 1890ರ ದಶಕದಲ್ಲಿ ಅಮೆರಿಕದ ವರ್ಜೀನಿಯ ಪ್ರಾಂತದಲ್ಲಿ ಬಾರ್ಟ್‌ಲೆಟ್ ಎಂಬ ಒಂದೇ ತಳಿಯ ಮರಸೇಬಿನ ಸಾವಿರಾರು ಗಿಡಗಳಿದ್ದ ತೋಟವೊಂದು ಹೂ ಬಿಟ್ಟರೂ ಫಲ ಕೊಡದೆ ನಿಂತಿತ್ತು. ಅಲ್ಲಿನ ಕೃಷಿ ಇಲಾಖೆಯ ಎಂ. ಬಿ. ವೇಟ್ ಎಂಬ ವಿಜ್ಞಾನಿ ಹೂಗಳಿಗೆ ಚೀಲ ಕಟ್ಟಿ ಪರೀಕ್ಷೆ ನಡೆಸಿದನು. ಬಾರ್ಟ್‌ಲೆಟ್ ಪರಾಗ ಬಾರ್ಟ್‌ಲೆಟ್‌ಗೆ ಕೂಡುವುದಿಲ್ಲ, ಬೇರೆ ತಳಿಯದಾದರೆ ಕೂಡುತ್ತದೆ ಎಂದು ಅವನು ತೋರಿಸಿಕೊಟ್ಟನು. ಆಮೇಲೆ ಸೇಬು, ಚೆರ್ರಿ ಮುಂತಾದ ಹಣ್ಣುಗಳಲ್ಲಿ ಯಾವ ತಳಿಗೆ ಯಾವುದು ಕೂಡುತ್ತದೆಂಬ ಪಟ್ಟಿಗಳೇ ತಯಾರಾದವು. ಇಂದಿಗೂ ಹಿಮಾಚಲದ ಸೇಬಿನ ತೋಟಗಳಲ್ಲಿ ಪರಾಗಕ್ಕೆಂದೇ ಬೇರೆ ತಳಿಯ ಮರಗಳನ್ನು ನಡುನಡುವೆ ಇಡುತ್ತಾರೆ, ಹೂವಿನ ಕಾಲಕ್ಕೆ ಜೇನುಪೆಟ್ಟಿಗೆ ಬಾಡಿಗೆಗೆ ತರುತ್ತಾರೆ.

ಸಪೋಟ ಮತ್ತು ನೆಲ್ಲಿ

ಸಪೋಟದಲ್ಲಿಯೂ, ಎಂದರೆ ನಮ್ಮ ಕಡೆಯ ಚಿಕ್ಕುವಿನಲ್ಲಿಯೂ, ಈ ತೊಂದರೆ ಇದೆ. ಇಲ್ಲಿ ನಾವು ನೋಡಬೇಕಾದವು ಎರಡು ತಳಿಗಳು. ಕ್ರಿಕೆಟ್ ಬಾಲ್ ಹೆಸರಿಗೆ ತಕ್ಕಂತೆ ದೊಡ್ಡದು, ಗುಂಡಗಿನದು. ಕಾಲಿಪತ್ತಿಯ ಹಣ್ಣು ಮಧ್ಯಮ ಗಾತ್ರದ್ದು, ಮೊಟ್ಟೆಯಾಕಾರದ್ದು, ಬಹಳ ಸಿಹಿ. ಹಣ್ಣಿನ ಗಾತ್ರ ನೋಡಿ ಮರುಳಾಗಿ ಕ್ರಿಕೆಟ್ ಬಾಲ್ ಒಂದನ್ನೇ ನೆಟ್ಟವರು ಫಸಲು ಕಡಿಮೆಯೆಂದು ದೂರುವುದುಂಟು. ಕಾರಣವೇನೆಂದರೆ ಈ ತಳಿ ತನ್ನ ಪರಾಗದಿಂದ ಚೆನ್ನಾಗಿ ಕಾಯಿ ಹಿಡಿಯುವುದಿಲ್ಲ. ನಡುವೆ ಕಾಲಿಪತ್ತಿ ಇದ್ದರೆ ಫಸಲು ಏರುತ್ತದೆ. ಸಪೋಟದ ಹೂವಿನ ಕಟ್ಟೂ ಹಾಗೆಯೇ ಇದೆ. ಹೆಣ್ಣು ಭಾಗದ ತುದಿ ಹೂವಿನ ಬಾಯಿಂದ ಹೊರಗೆ ಚಾಚಿಕೊಂಡಿದ್ದರೆ ಪರಾಗ ಒಳಗೆ ಅಡಗಿರುತ್ತದೆ. ತಾನಾಗಿ ಬಿದ್ದು ಅಂಟುವುದು ಸುಲಭವಲ್ಲ.

ಈ ಎರಡು ತಳಿಗಳ ಕೂಡುವಿಕೆಯಿಂದ ಇನ್ನೊಂದು ಲಾಭವೂ ಆಗಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕಾಲಿಪತ್ತಿಗೆ ಕ್ರಿಕೆಟ್ ಬಾಲ್ ಪರಾಗ ಕೂಡಿಸಿ ಡಿಎಚ್‌ಎಸ್-1, ಡಿಎಚ್‌ಎಸ್-2 ಎಂಬ ಹೊಸ ತಳಿಗಳನ್ನು ಪಡೆದರು. ಮಾವಿನ ಮಲ್ಲಿಕಾ ತಳಿಯೂ ಹೀಗೆ ನೀಲಂ ಮತ್ತು ದಶಹರಿ ಕೂಡಿ ಹುಟ್ಟಿ, 1971ರಲ್ಲಿ ದೆಹಲಿಯಿಂದ ಬಿಡುಗಡೆಯಾಯಿತು.

ಇನ್ನು ನೆಲ್ಲಿಯ ವಿಷಯ. ಮಳೆ ಕಡಿಮೆ, ನೆಲ ಗಡುಸು ಎನ್ನುವ ಕಡೆ ಬೆಟ್ಟದ ನೆಲ್ಲಿಯ ದೊಡ್ಡ ಕಾಯಿಯ ತಳಿಗಳನ್ನು ಹಾಕುವವರಿದ್ದಾರೆ. ಎನ್‌ಎ-7, ಕೃಷ್ಣ, ಕಾಂಚನ, ಚಕೈಯ ಎಂಬವು ಹೆಸರಾದ ತಳಿಗಳು. ನೆಲ್ಲಿ ತನ್ನದೇ ಪರಾಗವನ್ನು ಒಲ್ಲದ ಗಿಡ. ಒಂದೇ ತಳಿಯ ನೆಲ್ಲಿ ತೋಟ ಹಸಿರಾಗಿ ನಿಂತು ಕಾಯಿಗೆ ಕೈಕೊಡುವುದು ಹೊಸದಲ್ಲ. ಆದುದರಿಂದ ಎರಡು ತಳಿಗಳನ್ನಾದರೂ ಸಾಲು ಬಿಟ್ಟು ಸಾಲಿಗೆ ನೆಡತಕ್ಕದ್ದು. ಇಲ್ಲಿ ಲೆಕ್ಕಾಚಾರ ಸುಲಭ. ಎರಡೂ ತಳಿಯ ಕಾಯಿ ಪೇಟೆಯಲ್ಲಿ ಮಾರಾಟವಾಗುವುದರಿಂದ ಯಾವ ಸಾಲೂ ನಷ್ಟದ ಸಾಲಲ್ಲ.

ವೇಳೆ ಕೂಡಬೇಕು

ತಳಿ ಬೇರೆಯಾದರೆ ಸಾಲದು, ಎರಡೂ ಒಂದೇ ಕಾಲಕ್ಕೆ ಹೂವಾಗಬೇಕು. ಬಾದಾಮಿಯ ಹೂವೆಲ್ಲ ಮುಗಿದ ಮೇಲೆ ಅರಳುವ ತಳಿ ಪಕ್ಕದಲ್ಲಿದ್ದೂ ಉಪಯೋಗವಿಲ್ಲ. ಇದಕ್ಕೆ ಕೊಡಗಿನ ಬೆಣ್ಣೆ ಹಣ್ಣು ಒಳ್ಳೆಯ ಉದಾಹರಣೆ. (ಬೆಣ್ಣೆ ದೋಸೆಯ ಊರಿನವರಾದ ನಮಗೆ ಈ ಹೆಸರು ಮರೆಯುವಂತಿಲ್ಲ.) ಅದರ ಪ್ರತಿ ಹೂವೂ ಎರಡು ಸಲ ಅರಳುತ್ತದೆ, ಮೊದಲು ಹೆಣ್ಣಾಗಿ, ಮರುದಿನ ಗಂಡಾಗಿ. ಹಾಸ್ ಮುಂತಾದ ಒಂದು ಗುಂಪಿನ ತಳಿಗಳು ಬೆಳಿಗ್ಗೆ ಹೆಣ್ಣಾಗಿ ಅರಳಿ ಮುಚ್ಚಿ, ಮರುದಿನ ಮಧ್ಯಾಹ್ನದ ಮೇಲೆ ಗಂಡಾಗುತ್ತವೆ. ಫ್ಯೂರ್ಟೆ ಮುಂತಾದ ಇನ್ನೊಂದು ಗುಂಪು ಮಧ್ಯಾಹ್ನದ ಮೇಲೆ ಹೆಣ್ಣಾಗಿ, ಮರುದಿನ ಬೆಳಿಗ್ಗೆ ಗಂಡಾಗುತ್ತದೆ. ಎರಡು ಗುಂಪಿನ ಗಿಡಗಳೂ ತೋಟದಲ್ಲಿದ್ದರೆ ಬೆಳಿಗ್ಗೆಯೂ ಸಂಜೆಯೂ ಒಂದರ ಹೆಣ್ಣಿಗೆ ಇನ್ನೊಂದರ ಗಂಡು ಸಿದ್ಧವಾಗಿರುತ್ತದೆ.

ಅಡಿಕೆ ಮತ್ತು ಎತ್ತರದ ತೆಂಗಿನಲ್ಲಿಯೂ ಗಂಡು ಹೂ ಮೊದಲು ಅರಳಿ ಮುಗಿದು, ಹೆಣ್ಣು ಹೂ ಆಮೇಲೆ ಸಿದ್ಧವಾಗುತ್ತದೆ. ಒಂದು ಮರಕ್ಕೆ ನೆರೆಮರ ಬೇಕೇ ಬೇಕು. ಆದರೆ ಇವನ್ನು ಬೀಜದಿಂದ ಬೆಳೆಸುವುದರಿಂದ ಪ್ರತಿ ಮರವೂ ಬೇರೆ. ಒಂದು ಮರದ ಹಿಂಗಾರ ಒಣಗುವಾಗ ಇನ್ನೊಂದರದು ಒಡೆಯುತ್ತಿರುತ್ತದೆ. ಭದ್ರಾ ನಾಲೆಯ ಅಡಿಕೆ ಬೆಳೆಗಾರರು ಈ ಲೇಖನ ಓದಿ ಚಿಂತಿಸಬೇಕಾಗಿಲ್ಲ.

ಪೇರಲ, ದಾಳಿಂಬೆ ಬೆಳೆದವರೂ ಅಷ್ಟೆ. ಇವು ಸ್ವಂತ ಪರಾಗದಿಂದಲೂ ಕಾಯಿ ಕಚ್ಚುತ್ತವೆ. ಬಾಳೆಗೆ ಪರಾಗವೇ ಬೇಡ. ಪಪ್ಪಾಯಿಯದು ಬೇರೆಯೇ ವಿಷಯ. ವಾಷಿಂಗ್ಟನ್ ಮುಂತಾದ ತಳಿಗಳಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಕಾಯಿ ಬಿಡದ ಗಿಡವೆಂದು ಗಂಡನ್ನೆಲ್ಲ ಕಿತ್ತರೆ ಹೆಣ್ಣು ಗಿಡಗಳೂ ಬರಿದಾಗುತ್ತವೆ. ಹತ್ತಕ್ಕೆ ಒಂದು ಗಂಡನ್ನು ಉಳಿಸಬೇಕು. ಕೂರ್ಗ್ ಹನಿ ಡ್ಯೂ ತಳಿಯಲ್ಲಿ ಗಂಡು ಗಿಡಗಳಿಲ್ಲ. ಹೆಣ್ಣು ಗಿಡಗಳೊಡನೆ ದ್ವಿಲಿಂಗಿ ಗಿಡಗಳೇ ಬರುವುದರಿಂದ ಈ ಚಿಂತೆಯೂ ಇಲ್ಲ.

ಬಾದಾಮಿ ಕೆಡುವುದೇ?

ಬೇರೆ ತಳಿ ಹಾಕಿ ಎಂದೊಡನೆ ರೈತರು ಎತ್ತುವ ಮೊದಲ ಆಕ್ಷೇಪ ಇದು: "ತೋತಾಪುರಿ ಪರಾಗ ಬಿದ್ರೆ ನಮ್ಮ ಬಾದಾಮಿ ಹಣ್ಣು ಹುಳಿಯಾಗಂಗಿಲ್ಲೇನ್ರೀ?"

ಆಗುವುದಿಲ್ಲ. ಆದರೆ ಈ ಸಂಶಯ ದಡ್ಡತನದ್ದೆಂದು ಹೇಳಲಾಗದು, ಏಕೆಂದರೆ ನಮ್ಮ ಜಿಲ್ಲೆ ಮೆಕ್ಕೆಜೋಳದ ಜಿಲ್ಲೆ. ಬಿಳಿ ಜೋಳದ ಪಕ್ಕ ಹಳದಿ ಜೋಳ ಬಿತ್ತಿದರೆ ಬಿಳಿ ತೆನೆಯಲ್ಲಿ ಹಳದಿ ಕಾಳು ಮೂಡುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ನಾವು ತಿನ್ನುವುದು ಬೀಜವನ್ನೇ. ಬೀಜದಲ್ಲಿ ತಂದೆಯ ಪಾಲೂ ಉಂಟು, ಆದುದರಿಂದ ಬಣ್ಣ ಕಾಣುತ್ತದೆ. ಮಾವಿನಲ್ಲಿ ನಾವು ತಿನ್ನುವುದು ಬೀಜದ ಸುತ್ತಲಿನ ತಿರುಳನ್ನು. ಆ ತಿರುಳು ಪೂರ್ತಿಯಾಗಿ ತಾಯಿಮರದ್ದು. ತೋತಾಪುರಿಯ ಪಾಲು ವಾಟೆಯೊಳಗಿನ ಬೀಜದಲ್ಲಿ ಮಾತ್ರ ಇರುತ್ತದೆ. ಆ ವಾಟೆ ಊರಿದರೆ ಹುಟ್ಟುವ ಗಿಡ ಬೇರೆಯಾದೀತು, ನಿಮ್ಮ ಬುಟ್ಟಿಯ ಹಣ್ಣು ಬಾದಾಮಿಯೇ.

ಇದೇ ತೊಂದರೆಯೆಂದು ತಿಳಿಯುವುದು ಹೇಗೆ?

ಕಾಯಿ ಇಲ್ಲದ್ದಕ್ಕೆಲ್ಲ ಪರಾಗವನ್ನೇ ದೂರುವುದೂ ತಪ್ಪು. ಹೂವೇ ಬರದಿದ್ದರೆ ಅದು ಬೇರೆ ಮಾತು. ಬಾದಾಮಿ ಒಂದು ವರ್ಷ ಹೊತ್ತು ಮರುವರ್ಷ ಸುಮ್ಮನಿರುವ ಸ್ವಭಾವದ್ದು, ತೋತಾಪುರಿ, ನೀಲಂಗಳಂತೆ ವರ್ಷ ವರ್ಷ ಬಿಡುವುದಿಲ್ಲ. ಹೂಗೊಂಚಲಿನ ಮೇಲೆ ಬೂದಿ ಎರಚಿದಂತಿದ್ದರೆ ಅದು ಬೂದಿ ರೋಗ. ಎಲೆಯ ಮೇಲೆ ಅಂಟು ಸುರಿದು ಕಪ್ಪಾಗಿದ್ದರೆ, ಗೊಂಚಲು ಅಲುಗಿಸಿದಾಗ ಹುಳು ಚಿಮ್ಮಿದರೆ, ಜಿಗಿಹುಳುವಿನ ಕಾಟ. ಹೂವಿನ ಕಾಲದಲ್ಲಿ ಚಳಿ ಅತಿಯಾದ ವರ್ಷವೂ ಪರಾಗ ಸರಿಯಾಗಿ ಮೊಳೆಯದೆ ಕಾಯಿ ಕುಗ್ಗುತ್ತದೆ.

ಇವೊಂದೂ ಇಲ್ಲದೆ, ಗೊಂಚಲಿನ ತುದಿಯಲ್ಲಿ ಬಟಾಣಿ ಗಾತ್ರದ ಹೀಚುಗಳು ಗುಂಪಾಗಿ ಕಟ್ಟಿ, ಬೆಳೆಯದೆ ಉದುರುತ್ತಿದ್ದರೆ ನಾಲ್ಕು ಹೀಚನ್ನು ತಂದು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ಬೀಜ ಇಲ್ಲದೆಯೋ, ಸೊರಗಿ ಕಂದಾಗಿಯೋ ಇದ್ದರೆ ಪರಾಗದ ಕೊರತೆಯನ್ನು ಶಂಕಿಸಬಹುದು. ಲಖನೌ ಬಳಿಯ ಮಲಿಹಾಬಾದಿನ ಕಡೆ ದಶಹರಿಯೊಂದೇ ತುಂಬಿರುವ ತೋಟಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಝುಮ್ಕಾ ಎಂಬ ಹೆಸರೇ ಬಿದ್ದಿದೆ. ಹೀಚುಗಳ ಗುಂಪು ಕಿವಿಯ ಜುಮುಕಿಯಂತೆ ತೂಗುವುದರಿಂದ ಆ ಹೆಸರು. ಅಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಕಂಡುಬಂದಿದೆ. ಹೂ ಅರಳಿದಾಗ ಕೀಟನಾಶಕ ಹೊಡೆದು ನೊಣಗಳನ್ನೆಲ್ಲ ಕೊಲ್ಲುವುದು. ಬೇಕಾದ ಪರಾಗ ಪಕ್ಕದ ಮರದಲ್ಲಿದ್ದರೂ ತರುವವರೇ ಸತ್ತಿದ್ದರೆ ಏನು ಫಲ? ಜಿಗಿಹುಳುವಿಗೆ ಸಿಂಪಡಿಸುವುದಿದ್ದರೆ ಹೂ ಅರಳುವುದಕ್ಕೆ ಮುಂಚೆ ಸಿಂಪಡಿಸಿ. ತುಂಬು ಹೂವಿನಲ್ಲಿ ಕೈ ತಡೆಯಿರಿ.

ಸಂಶಯ ತೀರದವರು ಸಣ್ಣ ಪರೀಕ್ಷೆಯೊಂದನ್ನು ಮಾಡಬಹುದು. ಹೂ ಅರಳುವ ಮುಂಚೆಯೇ ನಾಲ್ಕಾರು ಗೊಂಚಲುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿ. ಬೇರೆ ತಳಿಯ ಮರದಿಂದ ಆಗತಾನೆ ಹುಡಿ ಬಿಟ್ಟ ಹೂಗಳನ್ನು ಬೆಳಗಿನ ಹೊತ್ತು ತಂದು, ಅರ್ಧ ಗೊಂಚಲುಗಳಲ್ಲಿ ಅಂದು ಅರಳಿದ ಪೂರ್ಣ ಹೂಗಳಿಗೆ ಮೆಲ್ಲಗೆ ಮುಟ್ಟಿಸಿ, ಗುರುತಿಗೆ ದಾರ ಕಟ್ಟಿ ಮತ್ತೆ ಚೀಲ ಹಾಕಿ. ಉಳಿದರ್ಧಕ್ಕೆ ನಿಮ್ಮ ತೋಟದ್ದೇ ಪರಾಗ ಮುಟ್ಟಿಸಿ. ನಾಲ್ಕೈದು ದಿನ ಹೀಗೆ ಮಾಡಿ ಒಂದು ತಿಂಗಳು ಬಿಟ್ಟು ಎಣಿಸಿರಿ. ಶಾಲೆಗೆ ಹೋಗುವ ಮಕ್ಕಳು ಈ ಕೆಲಸವನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಅವರ ಕಣ್ಣೂ ಚುರುಕು, ಬೆರಳೂ ಸಣ್ಣದು.

ನೆಡುವವರಿಗೆ, ನೆಟ್ಟಾದವರಿಗೆ

ಹೊಸದಾಗಿ ನೆಡುವವರ ದಾರಿ ಸುಲಭ. 33 ಅಡಿ ಅಂತರದಲ್ಲಿ ಎಕರೆಗೆ 40 ಮಾವಿನ ಗಿಡ ಹಿಡಿಯುತ್ತವೆ. ಉತ್ತರದ ದಶಹರಿ ತೋಟಗಳಿಗೆ ತಜ್ಞರು ಹೇಳುವ ಪ್ರಮಾಣ ನೂರಕ್ಕೆ ಐದಾರು ಬೇರೆ ತಳಿಯ ಗಿಡ. ನನ್ನ ಅಭಿಪ್ರಾಯದಲ್ಲಿ ನಮ್ಮ ಸಣ್ಣ ಹಿಡುವಳಿಗಳಲ್ಲಿ ಅದು ಕಡಿಮೆಯಾಯಿತು. 40ಕ್ಕೆ ನಾಲ್ಕಾದರೂ ಇರಲಿ. ನಾಲ್ಕನ್ನೂ ಒಂದು ಮೂಲೆಗೆ ಹಾಕಬೇಡಿ. ನೊಣ ಹತ್ತಿರದ ಮರಗಳಲ್ಲೇ ಸುತ್ತಾಡುವ ಜೀವಿ. ಜೋಳದ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು ಹಾಕುವಂತೆ, ಯಾವ ಬಾದಾಮಿಯಿಂದ ನೋಡಿದರೂ ಎರಡು ಮೂರು ಮರಗಳೊಳಗೆ ಬೇರೆ ತಳಿ ಕಾಣುವಂತೆ ಹಂಚಿ ನೆಡಿ. ಆ ನಾಲ್ಕು ಗಿಡಗಳೂ ಪೇಟೆಯಲ್ಲಿ ಬೆಲೆಯಿರುವ ರಸಪುರಿ, ಮಲ್ಲಿಕಾ, ತೋತಾಪುರಿಗಳೇ ಆಗಿರಬಹುದು. ಯಾವುದನ್ನು ಆರಿಸಬೇಕೆಂಬುದಕ್ಕೆ ನಿಮ್ಮ ಸುತ್ತಿನ ತೋಟಗಳೇ ಗುರು. ಈ ಸಲ ಹೂವಿನ ಕಾಲದಲ್ಲಿ ಯಾವ ತಳಿ ಯಾವ ವಾರ ಅರಳಿತೆಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಬಾದಾಮಿಯೊಡನೆ ಅರಳಿದ್ದನ್ನು ಆರಿಸಿಕೊಳ್ಳಿ.

ನೆಟ್ಟು ಎಂಟು ವರ್ಷವಾದವರು ಎದೆಗುಂದಬೇಕಾಗಿಲ್ಲ. ಮರ ಕೀಳುವ ಬದಲು ಅಲ್ಲೊಂದು ಇಲ್ಲೊಂದು ಮರದ ಒಂದೆರಡು ಕೊಂಬೆಗಳನ್ನು ಕತ್ತರಿಸಿ, ಅಲ್ಲಿ ಚಿಗುರಿದ ಎಳೆಯ ಕಡ್ಡಿಗಳಿಗೆ ಬೇರೆ ತಳಿಯ ಕುಡಿಯನ್ನು ಕಸಿ ಕಟ್ಟಿಸಬಹುದು. ಮಳೆಗಾಲದಲ್ಲಿ ಗಾಳಿಯ ತೇವ ಹೆಚ್ಚಾಗಿರುವುದರಿಂದ ಕಸಿ ಚೆನ್ನಾಗಿ ಕೂಡುತ್ತದೆ. ಎರಡು ಮೂರು ವರ್ಷದಲ್ಲಿ ಆ ಕೊಂಬೆ ಹೂವಾಗುತ್ತದೆ. ಒಂದೇ ಮರದಲ್ಲಿ ಬಾದಾಮಿಯೂ ರಸಪುರಿಯೂ ತೂಗುವುದನ್ನು ನೋಡಲು ನೆರೆಯವರು ಬಂದೇ ಬರುತ್ತಾರೆ. ಕೊಂಬೆಗೆ ಬಣ್ಣ ಬಳಿದು ಗುರುತು ಮಾಡಿ, ಇಲ್ಲವಾದರೆ ಸವರುವಾಗ ಆಳುಗಳು ಅದನ್ನೇ ಮೊದಲು ಕಡಿದಾರು.

ಮತ್ತೊಂದು ಮಾತು ಸಸಿ ಕೊಳ್ಳುವಾಗ. ಮಾವು ಹೂವಾಗದೆ ಅದರ ತಳಿ ಹೇಳುವುದು ಕಷ್ಟ, ಮೋಸವೂ ಸುಲಭ. ಎರಡು ತಳಿ ಕೇಳಿ ತಂದು, ಎಂಟು ವರ್ಷದ ಮೇಲೆ ಎರಡೂ ಒಂದೇ ಎಂದು ತಿಳಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಇಲಾಖೆಯ ಸಸಿಮಡಿಯಲ್ಲೋ, ತಾಯಿಮರವನ್ನು ತೋರಿಸಬಲ್ಲವರಲ್ಲೋ ಕೊಂಡು, ರಸೀದಿಯಲ್ಲಿ ಪ್ರತಿ ತಳಿಯ ಹೆಸರು ಮತ್ತು ಸಂಖ್ಯೆ ಬರೆಸಿರಿ. ನೆಟ್ಟ ದಿನವೇ ತೋಟದ ನಕ್ಷೆಯೊಂದನ್ನು ಕಾಗದದ ಮೇಲೆ ಗೀಚಿ, ಯಾವ ಗುಣಿಯಲ್ಲಿ ಯಾವುದೆಂದು ಬರೆದು, ಪಹಣಿಯ ಜೊತೆ ಇಟ್ಟುಕೊಳ್ಳಿ. ಗುಣಿಗಳನ್ನು ಬೇಸಿಗೆಯಲ್ಲೇ ತೆಗೆದು ಒಣಗಲು ಬಿಟ್ಟು, ಜೂನ್, ಜುಲೈ ಮಳೆ ಹಿಡಿದ ಮೇಲೆ ನೆಡತಕ್ಕದ್ದು. ತಳಿಗಳ ಆಯ್ಕೆಯಲ್ಲಿ ಸಂಶಯವಿದ್ದವರು ಹೋಬಳಿಯ ತೋಟಗಾರಿಕೆ ಅಧಿಕಾರಿಗಳನ್ನಾಗಲಿ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನಾಗಲಿ ಕೇಳಬಹುದು. ಹೋಗುವಾಗ ಉದುರಿದ ಹೀಚುಗಳನ್ನೂ ಒಂದು ಹೂಗೊಂಚಲನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ.